ಆಟಿ ತಿಂಗಳ ಕಂತಿಗೆ ಉತ್ತರವಿಲ್ಲದ ಪ್ರಾಜೆಕ್ಟ್ ರಿಪೋರ್ಟ್

ಪ್ರಶ್ನೆ: ಸರ್, ನಮಸ್ಕಾರ. ನಾನು ಸುಳ್ಯ ತಾಲ್ಲೂಕಿನ ಹಳ್ಳಿಯವನು. ವಯಸ್ಸು 38, ಐಟಿಐ ಫಿಟ್ಟರ್. ಊರಲ್ಲೇ ಚಿಕ್ಕ ವೆಲ್ಡಿಂಗ್ ಶಾಪ್ ಇದೆ, ಗೇಟು, ಗ್ರಿಲ್ ಕೆಲಸ. ಮೂರು ವರ್ಷ ತಲೆಕೆಡಿಸಿಕೊಂಡು ಚಾಲಿ (ಸಿಪ್ಪೆ ಸಮೇತ ಬಿಸಿಲಲ್ಲಿ ಒಣಗಿಸಿದ) ಅಡಿಕೆ ಸುಲಿಯುವ ಸಣ್ಣ ಯಂತ್ರ ಮಾಡಿದ್ದೇನೆ. ಅರ್ಧ ಎಚ್‌ಪಿ ಮೋಟಾರು, ಮನೆಯ ಸಿಂಗಲ್ ಫೇಸ್ ಕರೆಂಟು ಸಾಕು. ಗಂಟೆಗೆ 40 ಕಿಲೋ ಸುಲಿಯುತ್ತದೆ, ನೂರು ಕಿಲೋಗೆ ನಾಲ್ಕು ಕಿಲೋ ಒಡೆಯುತ್ತದೆ. ನಮ್ಮ ಕಡೆ ಕೈಯಲ್ಲಿ ಸುಲಿಯುವವರು ಕಿಲೋಗೆ 12 ರೂಪಾಯಿ ಕೇಳುತ್ತಾರೆ, ಅವರೂ ಸಿಗುವುದಿಲ್ಲ. ಎರಡು ವರ್ಷದಲ್ಲಿ 11 ಯಂತ್ರ ಮಾರಿದ್ದೇನೆ, ತಲಾ 32,000ಕ್ಕೆ. ಸಾಮಾನಿಗೆ 21,000 ಬೀಳುತ್ತದೆ, 11,000 ಲಾಭ. ಒಂಬತ್ತು ಚೆನ್ನಾಗಿ ಓಡುತ್ತಿವೆ, ಎರಡು ಮೂಲೆ ಸೇರಿವೆ. ಅಡಿಕೆಯ ಗಾತ್ರಕ್ಕೆ ತಾನೇ ಹೊಂದಿಕೊಳ್ಳುವ ಸ್ಪ್ರಿಂಗ್ ರೋಲರ್ ಈಗ ಮಾಡುತ್ತಿದ್ದೇನೆ, ಯಂತ್ರ ಮೇಳದಲ್ಲಿ ತೋರಿಸುವ ಆಸೆ.

18 ಲಕ್ಷ ಸಾಲ ಕೇಳಿದ್ದಕ್ಕೆ ಬ್ಯಾಂಕಿನವರು ಪ್ರಾಜೆಕ್ಟ್ ರಿಪೋರ್ಟ್ ಮತ್ತು ಅಪ್ಪನ ತೋಟದ ಪಹಣಿ ತನ್ನಿ ಎಂದಿದ್ದಾರೆ. ಒಬ್ಬ ಕನ್ಸಲ್ಟೆಂಟ್ 12,000ಕ್ಕೆ 64 ಪುಟದ ವರದಿ ಮಾಡಿಕೊಟ್ಟಿದ್ದಾರೆ, 5,000 ಮುಂಗಡ ಕೊಟ್ಟಾಗಿದೆ. ಮೊದಲ ವರ್ಷದ ವಹಿವಾಟು 96 ಲಕ್ಷ ಎಂದು ಅದರಲ್ಲಿದೆ. ಅಷ್ಟು ತೋರಿಸದಿದ್ದರೆ ಸಾಲ ಆಗುವುದಿಲ್ಲವಂತೆ. ಹೌದೇ? ವರದಿಯಲ್ಲಿ ಡ್ರಾಯಿಂಗ್ ಹಾಕಿದರೆ ಯಾರಾದರೂ ಕದಿಯುವುದಿಲ್ಲವೇ, ಮೊದಲು ಪೇಟೆಂಟ್ ಮಾಡಿಸಬೇಕೇ? ಸಬ್ಸಿಡಿಗಾಗಿ ಹೆಂಡತಿಯ ಹೆಸರಲ್ಲಿ ಹಾಕಿ ಎನ್ನುತ್ತಾರೆ. ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗ 10 ಲಕ್ಷ ಹಾಕುತ್ತೇನೆ, 40 ಪರ್ಸೆಂಟ್ ಪಾಲು ಕೊಡು ಎನ್ನುತ್ತಾನೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೇಳಿದ ಪ್ರಶ್ನೆಗಳು ನಾಲ್ಕೈದು ಇವೆ, ಆದರೆ ಒಳಗಿನ ಹೆದರಿಕೆ ಒಂದೇ ಅನ್ನಿಸಿತು: ಕೈಯಲ್ಲಿರುವ ಒಳ್ಳೆಯ ಕೆಲಸವೊಂದು ಕಾಗದದ ಮೇಲೆ ಸಣ್ಣದಾಗಿ ಕಂಡುಬಿಟ್ಟರೆ, ಅದಕ್ಕೇ ಸಾಲ ತಪ್ಪಿಹೋದರೆ ಎಂಬುದು. ಅದಕ್ಕಾಗಿಯೇ ಕನ್ಸಲ್ಟೆಂಟ್ ಅದನ್ನು ಊದಿಸಿಕೊಟ್ಟಿದ್ದಾರೆ. 26 ವರ್ಷ ಬ್ಯಾಂಕಿನ ಸಾಲ ವಿಭಾಗದಲ್ಲಿ, ಮೇಜಿನ ಈಚೆ ಬದಿ ಕುಳಿತು ಇಂಥ ವರದಿಗಳನ್ನು ಓದಿದವನು ನಾನು. ಆದ್ದರಿಂದ ಆ 64 ಪುಟದಿಂದಲೇ ಶುರು ಮಾಡೋಣ.

ವರದಿ ದಪ್ಪವಾದಷ್ಟೂ ಸಾಲ ಸಲೀಸು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ನಿಜ ಸಂಗತಿ ಬೇರೆ. ಫೀಲ್ಡ್ ಆಫೀಸರ್ ನೋಡುವುದು ಏನನ್ನು ಮಾಡುತ್ತೀರಿ, ಯಾರು ಕೊಳ್ಳುತ್ತಾರೆ, ಕಂತು ಎಲ್ಲಿಂದ ಬರುತ್ತದೆ ಎಂಬ ಮೂರು ಜಾಗ. ಉಳಿದ ಪುಟಗಳಲ್ಲಿ ಇರುವುದು ಭಾರತದ ಕೃಷಿಯ ಮಹತ್ವ, ಅಡಿಕೆಯ ಇತಿಹಾಸ, ಎಲ್ಲಿಂದಲೋ ಎತ್ತಿದ ನಕ್ಷೆಗಳು. ಒಮ್ಮೆ ಹಾಳೆತಟ್ಟೆ ಘಟಕದ ವರದಿಯೊಂದು ನನ್ನ ಮೇಜಿಗೆ ಬಂದಿತ್ತು. 23ನೇ ಪುಟದಲ್ಲಿ ‘ಮರಿಗಳ ಸಾವಿನ ಪ್ರಮಾಣ ಶೇ 4’ ಎಂದಿತ್ತು. ಕೋಳಿ ಫಾರಂನ ವರದಿಯಲ್ಲಿ ಹೆಸರು ಬದಲಿಸಿದ್ದರು, ಮರಿಗಳು ಮಾತ್ರ ಉಳಿದುಬಿಟ್ಟಿದ್ದವು. ಅರ್ಜಿದಾರರು ಪಾಪ, ಆ ಪುಟ ಓದಿಯೇ ಇರಲಿಲ್ಲ. ನೀವು ನಿಮ್ಮ ವರದಿಯ ಎಲ್ಲ ಪುಟ ಓದಿದ್ದೀರಾ? ಮ್ಯಾನೇಜರ್ ಯಾವುದೋ ಪುಟ ತೆರೆದು ಈ ಅಂಕಿ ಹೇಗೆ ಬಂತು ಎಂದರೆ ಉತ್ತರ ನೀವೇ ಹೇಳಬೇಕಾಗುತ್ತದೆ. ಕನ್ಸಲ್ಟೆಂಟ್ ಆಗ ಪಕ್ಕದಲ್ಲಿರುವುದಿಲ್ಲ.

ಈಗ ಆ 96 ಲಕ್ಷ. 32,000ದಿಂದ ಭಾಗಿಸಿ: 300 ಯಂತ್ರ. ಎರಡು ವರ್ಷದಲ್ಲಿ 11 ಮಾರಿದವರು ಒಂದೇ ವರ್ಷದಲ್ಲಿ 300 ಮಾರುತ್ತಾರೆ ಎಂದು ಬರೆದಿದೆ. ಒಂದು ಯಂತ್ರಕ್ಕೆ ನೀವೂ ಸಹಾಯಕನೂ ಸೇರಿ ಮೂರು ದಿನ ಹಿಡಿಯುತ್ತದೆ ಎಂದುಕೊಂಡರೂ ಭಾನುವಾರ ಬಿಟ್ಟು ದುಡಿದರೆ ವರ್ಷಕ್ಕೆ ನೂರು ದಾಟುವುದೇ ಕಷ್ಟ. ಇಷ್ಟು ಲೆಕ್ಕ ಹಾಕಲು ಆಫೀಸರಿಗೆ ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ಅಲ್ಲಿಗೆ ವರದಿಯಲ್ಲಿರುವ ನಿಜದ ಅಂಕಿಗಳ ಮೇಲೂ ಅವರಿಗೆ ನಂಬಿಕೆ ಹೋಗುತ್ತದೆ.

ಕನ್ಸಲ್ಟೆಂಟ್‌ಗಳು ವಹಿವಾಟು ಏರಿಸುವುದಕ್ಕೆ ಕಾರಣವೂ ಇದೆ, ಹೇಳಿಬಿಡುತ್ತೇನೆ. ಸಣ್ಣ ಉದ್ದಿಮೆಯ ದುಡಿಯುವ ಬಂಡವಾಳಕ್ಕೆ, ಅಂದರೆ ಸಾಮಾನು, ಕೂಲಿ ಎಂದು ದಿನದ ಕೆಲಸಕ್ಕೆ ಓಡಾಡುವ ದುಡ್ಡಿಗೆ, ಬ್ಯಾಂಕುಗಳು ಇಂದಿಗೂ ಬಳಸುವ ಸೂತ್ರ ನಾಯಕ್ ಸಮಿತಿಯದು, 1990ರ ದಶಕದ ಆರಂಭದ್ದು. ಮುಂದಿನ ವರ್ಷದ ಅಂದಾಜು ವಹಿವಾಟಿನ ಕಾಲು ಭಾಗ ದುಡಿಯುವ ಬಂಡವಾಳ ಬೇಕು ಎಂದಿಟ್ಟುಕೊಂಡು, ವಹಿವಾಟಿನ ಶೇ 20ರಷ್ಟನ್ನು ಬ್ಯಾಂಕು ಕೊಡುತ್ತದೆ, ಶೇ 5 ನೀವು ಹಾಕಬೇಕು. ಹಾಗಾಗಿ ವಹಿವಾಟು ಹೆಚ್ಚು ಬರೆದಷ್ಟೂ ಸಾಲದ ಮಿತಿ ಹೆಚ್ಚು. ಆದರೆ ವರ್ಷದ ಕೊನೆಗೆ ಸಾಲ ನವೀಕರಣಕ್ಕೆ ಹೋದಾಗ ಖಾತೆಯಲ್ಲಿ ಓಡಿದ ಹಣವನ್ನು ನೋಡುತ್ತಾರೆ. 96 ಬರೆದು 18 ಓಡಿಸಿದರೆ ಮಿತಿ ಇಳಿಸುತ್ತಾರೆ. ಅಷ್ಟರಲ್ಲಿ ಆ ದುಡ್ಡು ನಿಮ್ಮ ಶೆಡ್ಡಿನಲ್ಲಿ ತಗಡು, ಬೇರಿಂಗ್ ಆಗಿ ಕುಳಿತಿರುತ್ತದೆ, ಹಿಂದೆ ಕಟ್ಟಲು ಆಗುವುದಿಲ್ಲ. ಬಾಕಿ 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ. ಸಾಲ ಸಿಗದೆ ಮುಳುಗಿದವರನ್ನು ನಾನು ಅಷ್ಟಾಗಿ ಕಂಡಿಲ್ಲ, ಬೇಕಾದ್ದಕ್ಕಿಂತ ಹೆಚ್ಚು ಸಿಕ್ಕಿ ಮುಳುಗಿದವರನ್ನು ಕಂಡಿದ್ದೇನೆ.

ಇನ್ನು ನೀವು ಹೇಳಿದ 11,000 ಲಾಭ. ಇದರ ಮೇಲೆ ಸ್ವಲ್ಪ ಹೊತ್ತು ಕೂರಬೇಕು, ಏಕೆಂದರೆ ಈ ಅಂಕಿ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ. ನಿಮ್ಮ ಲೆಕ್ಕದಲ್ಲಿ ಸಾಮಾನು ಮಾತ್ರ ಇದೆ. ಸಹಾಯಕನ ಮೂರು ದಿನದ ಕೂಲಿ, 900ರಂತೆ 2,700. ನಿಮ್ಮ ಮೂರು ದಿನ? ಅದೇ ಮೂರು ದಿನ ನೀವು ಗೇಟು ಮಾಡಿದ್ದರೆ ದಿನಕ್ಕೆ 1,200 ಆದರೂ ಗಿಟ್ಟುತ್ತಿತ್ತು, ಅಂದರೆ 3,600. ವೆಲ್ಡಿಂಗ್ ರಾಡು, ಕಟಿಂಗ್ ಡಿಸ್ಕು, ಬಣ್ಣ, ಕರೆಂಟು ಸೇರಿ 900 ಇಡೋಣ. ಪಿಕಪ್‌ನಲ್ಲಿ ತೋಟದ ಮನೆಗೆ ಮುಟ್ಟಿಸಿ, ಅರ್ಧ ದಿನ ನಿಂತು ಓಡಿಸಿ ತೋರಿಸುವುದಕ್ಕೆ 1,100. ಮೊದಲ ವರ್ಷ ಬೆಲ್ಟು ಸಡಿಲವಾಯಿತು, ಸದ್ದು ಬರುತ್ತದೆ ಎಂದು ಕರೆದಾಗಲೆಲ್ಲ ಬೈಕು ಹತ್ತಿ ಹೋಗಿರುತ್ತೀರಲ್ಲ, ಅದಕ್ಕೆ 1,000. ಕೂಡಿಸಿ: 30,300. ಉಳಿದದ್ದು 1,700 ರೂಪಾಯಿ. ಶೆಡ್ಡಿನ ಖರ್ಚು, ಬಡ್ಡಿ ಇದರಲ್ಲಿ ಇನ್ನೂ ಸೇರಿಲ್ಲ. ಈ ಅಂಕಿಗಳು ನನ್ನ ಅಂದಾಜು, ನೀವು ನಿಮ್ಮವನ್ನು ಹಾಕಿ ನೋಡಿ. ಆದರೂ 11,000ದ ಹತ್ತಿರ ಬರುವುದಿಲ್ಲ ಎಂದು ಬರೆದುಕೊಡುತ್ತೇನೆ.

ಹಾಗಾದರೆ ಬೆಲೆ ಏರಿಸಬಹುದೇ? ಅದಕ್ಕೆ ಉತ್ತರ ಕೊಳ್ಳುವವನ ಅಂಗಳದಲ್ಲಿದೆ. ಒಂದು ಎಕರೆಯವರು, ವರ್ಷಕ್ಕೆ ಹತ್ತು ಕ್ವಿಂಟಲ್ ಚಾಲಿ ಎಂದಿಟ್ಟುಕೊಳ್ಳಿ. ಕೈಯಲ್ಲಿ ಸುಲಿಸಿದರೆ ನಿಮ್ಮ ದರದಲ್ಲಿ 12,000. ನಿಮ್ಮ ಯಂತ್ರ ತಂದರೆ ಅಷ್ಟೂ ಉಳಿಯಿತೇ? ಇಲ್ಲ. ನೂರಕ್ಕೆ ನಾಲ್ಕು ಒಡೆದರೆ 40 ಕಿಲೋ. ಒಡೆದದ್ದು ಅಂಗಡಿಯಲ್ಲಿ ಪಟೋರ ಎಂಬ ಕೆಳದರ್ಜೆಗೆ ಇಳಿಯುತ್ತದೆ. ಒಳ್ಳೆಯ ಚಾಲಿಗೂ ಅದಕ್ಕೂ ಕಿಲೋಗೆ 100 ರೂಪಾಯಿ ಅಂತರವೆಂದರೆ 4,000 ಹೋಯಿತು. ಯಂತ್ರಕ್ಕೆ ಅಡಿಕೆ ಸುರಿಯಲು, ಸಿಪ್ಪೆ ಆರಿಸಲು ಒಬ್ಬರು ನಾಲ್ಕು ದಿನ ನಿಲ್ಲಬೇಕು, 2,600. ನಿಜವಾದ ಉಳಿತಾಯ 5,400. 32,000 ವಾಪಸ್ ಬರಲು ಆರು ವರ್ಷ! ಮನೆಯವರೇ ಯಂತ್ರದ ಮುಂದೆ ನಿಂತರೆ ನಾಲ್ಕು ವರ್ಷ. ಅದೇ ಮೂರು ಎಕರೆಯವರಿಗೆ ಎರಡೇ ವರ್ಷ. ನೀವು ‘ಸಣ್ಣ ಬೆಳೆಗಾರರಿಗಾಗಿ’ ಎಂದುಕೊಂಡು ಮಾಡಿದ ಯಂತ್ರ ಲೆಕ್ಕದಲ್ಲಿ ಒಗ್ಗುವುದು ಎರಡರಿಂದ ನಾಲ್ಕು ಎಕರೆಯವರಿಗೆ. ಅದಕ್ಕಿಂತ ದೊಡ್ಡವರಿಗೆ ಪಿಕಪ್‌ನಲ್ಲಿ ಮನೆಮನೆಗೆ ಬಂದು ಕಿಲೋ ಲೆಕ್ಕದಲ್ಲಿ ಸುಲಿದುಕೊಡುವ ದೊಡ್ಡ ಯಂತ್ರಗಳಿವೆ. ನಿಮ್ಮ ನಿಜವಾದ ಪೈಪೋಟಿ ಅದರೊಂದಿಗೆ. ಕನ್ಸಲ್ಟೆಂಟ್ ವರದಿಯಲ್ಲಿ ‘ಪ್ರತಿಸ್ಪರ್ಧಿಗಳಿಲ್ಲ’ ಎಂದು ಬರೆದಿದ್ದರೆ ಮೊದಲು ಆ ಸಾಲು ಹೊಡೆದುಹಾಕಿ. ಪ್ರತಿಸ್ಪರ್ಧಿ ಇಲ್ಲವೆಂದರೆ ಒಂದೋ ಹುಡುಕಿಲ್ಲ, ಇಲ್ಲವೇ ಆ ವಸ್ತು ಯಾರಿಗೂ ಬೇಡ ಎಂದೇ ನಾವು ಓದಿಕೊಳ್ಳುತ್ತಿದ್ದೆವು.

ಅದೇ ಲೆಕ್ಕ ಇನ್ನೊಂದನ್ನೂ ತೋರಿಸುತ್ತದೆ. ಒಡೆಯುವ ಪ್ರಮಾಣ ನಾಲ್ಕರಿಂದ ಎರಡಕ್ಕೆ ಇಳಿದರೆ ಎಕರೆಯೊಂದಕ್ಕೆ ವರ್ಷಕ್ಕೆ 2,000 ಹೆಚ್ಚು ಉಳಿಯುತ್ತದೆ. ವೇಗ 40 ಕಿಲೋದಿಂದ 60ಕ್ಕೆ ಏರಿದರೆ ಅಷ್ಟು ಉಳಿಯುವುದಿಲ್ಲ. ಅಂದರೆ ನಿಮ್ಮ ಸ್ಪ್ರಿಂಗ್ ರೋಲರ್ ಹಣ ಗಳಿಸುವುದು ವೇಗದಿಂದಲ್ಲ, ಅಡಿಕೆ ಒಡೆಯದಿರುವುದರಿಂದ. ಅದು ಕೆಲಸ ಮಾಡಿದರೆ ಯಂತ್ರವನ್ನು 36,000ಕ್ಕೆ ಮಾರಬಹುದು, ಚೌಕಾಸಿಗೂ ಉತ್ತರ ಇರುತ್ತದೆ.

ಮೂಲೆ ಸೇರಿದ ಆ ಎರಡು ಯಂತ್ರಗಳ ಬಗ್ಗೆ ನೀವು ಅರ್ಧ ವಾಕ್ಯದಲ್ಲಿ ದಾಟಿಬಿಟ್ಟಿದ್ದೀರಿ. ನನಗೆ ಇಡೀ ಪತ್ರದಲ್ಲಿ ಅತ್ಯಂತ ಮುಖ್ಯವಾಗಿ ಕಂಡದ್ದು ಅದೇ. ಆ ಎರಡು ಮನೆಗೆ ಹೋಗಿ. ಸ್ಪ್ಯಾನರ್ ತೆಗೆದುಕೊಂಡು ಹೋಗಿ, ಆದರೆ ಮೊದಲು ಕೇಳಿ. ಅಡಿಕೆ ಸರಿಯಾಗಿ ಒಣಗಿರಲಿಲ್ಲವೇ? ಸಣ್ಣ ಅಡಿಕೆಯನ್ನೂ ದಪ್ಪ ಅಡಿಕೆಯನ್ನೂ ಬೆರೆಸಿ ಸುರಿದರೇ? ವೋಲ್ಟೇಜ್ ಸಾಲದೆ ಮೋಟಾರು ಬಿಸಿಯಾಯಿತೇ? ಅಥವಾ ಯಂತ್ರ ಸರಿಯೇ ಇದೆ, ನಿಂತು ಸುರಿಯಲು ಮನೆಯಲ್ಲಿ ಜನರಿಲ್ಲವೇ? ಕೊನೆಯದಾದರೆ ಅದು ರಿಪೇರಿಯಿಂದ ಸರಿಹೋಗುವ ಸಮಸ್ಯೆಯಲ್ಲ. ಆಗ ಮಾರುವ ಬದಲು ಬಾಡಿಗೆಗೆ ಕೊಡುವ ದಾರಿ ಯೋಚಿಸಬೇಕು. ಹನ್ನೊಂದೂ ಮನೆಗಳ ಹೆಸರು, ಎಷ್ಟು ಕಿಲೋ ಸುಲಿದರು, ಎಷ್ಟು ಒಡೆಯಿತು, ಎಷ್ಟು ಸಲ ನಿಮ್ಮನ್ನು ಕರೆದರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ಅವರನ್ನು ಕೇಳಿ ಫೋನ್ ನಂಬರನ್ನೂ ಸೇರಿಸಿ. ಎರಡು ಸೋತದ್ದನ್ನೂ ಬರೆಯಿರಿ, ಕಾರಣದ ಸಮೇತ. ಆ ಒಂದು ಹಾಳೆ 64 ಪುಟಕ್ಕಿಂತ ಹೆಚ್ಚು ತೂಗುತ್ತದೆ. ಮ್ಯಾನೇಜರ್ ಅದರಲ್ಲಿ ಇಬ್ಬರಿಗೆ ಫೋನ್ ಮಾಡಿಯೇ ಮಾಡುತ್ತಾರೆ. ನಾನಂತೂ ಮಾಡುತ್ತಿದ್ದೆ.

ಈಗ ಶೀರ್ಷಿಕೆಯ ವಿಷಯಕ್ಕೆ ಬರುತ್ತೇನೆ. ನಿಮ್ಮ ವ್ಯಾಪಾರಕ್ಕೆ ಋತು ಇದೆ. ಕೊಯ್ಲಾಗಿ, ಅಂಗಳದಲ್ಲಿ ನಲವತ್ತು ನಲವತ್ತೈದು ದಿನ ಒಣಗಿ, ಸುಲಿಯುವ ಕೆಲಸ ಶುರುವಾಗುವಾಗಲೇ ಜನಕ್ಕೆ ಯಂತ್ರದ ನೆನಪಾಗುವುದು. ಡಿಸೆಂಬರಿನಿಂದ ಮೇ ತನಕ ಮಾರಾಟ. ಮಳೆ ಹಿಡಿದ ಮೇಲೆ ಯಾರೂ ನಿಮ್ಮ ಶೆಡ್ಡಿನ ಕಡೆ ತಲೆ ಹಾಕುವುದಿಲ್ಲ. ಕಂತಿಗೆ ಮಾತ್ರ ಮಳೆಗಾಲವಿಲ್ಲ. ಕನ್ಸಲ್ಟೆಂಟ್ ಕೋಷ್ಟಕ ವರ್ಷದ ಲೆಕ್ಕದಲ್ಲಿ ಇರುತ್ತದೆ, ವರ್ಷದ ಕೊನೆಗೆ ಲಾಭ ಕಾಣುತ್ತದೆ. ಆದರೆ ವರ್ಷದ ಲಾಭ ಇಟ್ಟುಕೊಂಡು ಆಟಿ ತಿಂಗಳ (ತುಳುನಾಡಿನ ಜಡಿಮಳೆಯ ತಿಂಗಳು) ಕಂತು ಕಟ್ಟಲಾಗುವುದಿಲ್ಲ. ತಿಂಗಳಿಗೊಂದರಂತೆ ಹನ್ನೆರಡು ಚೌಕದ ಕೋಷ್ಟಕ ಗೀಚಿ, ಜೂನ್‌ನಿಂದ ಶುರು ಮಾಡಿ, ಪ್ರತಿ ತಿಂಗಳು ಕೈಗೆ ಬಂದದ್ದು, ಕೈಯಿಂದ ಹೋದದ್ದು ಬರೆಯಿರಿ.

ಉದಾಹರಣೆಗೆ ನಾನೇ ಗೀಚಿದ್ದು ಹೀಗಿದೆ (ಸಾಲ 18 ಲಕ್ಷದಿಂದ ಇಷ್ಟಕ್ಕೆ ಏಕೆ ಇಳಿಯಿತು ಎಂದು ಮುಂದೆ ಹೇಳುತ್ತೇನೆ). ಉಪಕರಣಕ್ಕೆ 4.5 ಲಕ್ಷ ಅವಧಿ ಸಾಲ, ಐದು ವರ್ಷ, ಶೇ 11 ಬಡ್ಡಿ ಎಂದರೆ ತಿಂಗಳಿಗೆ ಸುಮಾರು 9,800. ದುಡಿಯುವ ಬಂಡವಾಳದ ಸಿ.ಸಿ. (ಕ್ಯಾಶ್ ಕ್ರೆಡಿಟ್) ಖಾತೆಯಲ್ಲಿ ನಾಲ್ಕು ಲಕ್ಷದಷ್ಟು ಬಳಸಿದ್ದರೆ ಬಡ್ಡಿ 4,000ದ ಹತ್ತಿರ. ಆರು ತಿಂಗಳಿಗೆ ಇವೆರಡೂ ಸೇರಿ 83,000. ಸಹಾಯಕನನ್ನು ಮಳೆಗಾಲದಲ್ಲಿ ಬಿಟ್ಟರೆ ಡಿಸೆಂಬರಿನಲ್ಲಿ ಸಿಗುವುದಿಲ್ಲ, ಅವನ ಕೂಲಿ 1.4 ಲಕ್ಷ. ಮನೆಖರ್ಚು ತಿಂಗಳಿಗೆ 25,000ದಂತೆ 1.5 ಲಕ್ಷ. ಒಟ್ಟು 3.73 ಲಕ್ಷ ಹೊರಗೆ. ಗೇಟು ಗ್ರಿಲ್ಲಿನಿಂದ ತಿಂಗಳಿಗೆ 30,000 ಉಳಿದರೆ 1.8 ಲಕ್ಷ ಒಳಗೆ. ಕೊರತೆ 1.93 ಲಕ್ಷ. ಅಂದರೆ ಮೇ ಕೊನೆಗೆ ಎರಡು ಲಕ್ಷ ಕೈಯಲ್ಲಿ ಉಳಿಸಿಕೊಂಡಿರಬೇಕು. ಆ ದುಡ್ಡಲ್ಲಿ ಹೊಸ ಬೈಕು ಬರಬಾರದು.

ಇದೇ ಅಂಕಿಗಳನ್ನು ವರ್ಷಕ್ಕೆ ಹಾಕಿದರೆ, 36,000ಕ್ಕೆ ಮಾರಿ, ಸಾಮಾನು ಮತ್ತು ಸಾಗಣೆ ಇತ್ಯಾದಿ 24,000 ಕಳೆದರೆ ಒಂದು ಯಂತ್ರದಿಂದ 12,000 ಸಿಗುತ್ತದೆ. ಸಹಾಯಕ, ಕಂತು, ಬಡ್ಡಿ, ಮನೆಖರ್ಚು ಸೇರಿ ವರ್ಷಕ್ಕೆ ಸುಮಾರು 7.4 ಲಕ್ಷ. ಮಳೆಗಾಲದ ಗೇಟಿನ ಆದಾಯ 1.8 ಲಕ್ಷ ಕಳೆಯಿರಿ. ಉಳಿದದ್ದಕ್ಕೆ 47 ಯಂತ್ರ ಬೇಕು. 60 ಮಾರಿದರೆ ಒಂದೂವರೆ ಲಕ್ಷ ಮಿಕ್ಕುತ್ತದೆ, 40ಕ್ಕೆ ನಿಂತರೆ 80,000ದಷ್ಟು ಕೈಬಿಡುತ್ತದೆ. ‘ನಾನು 60 ಮಾರುವ ಗುರಿ ಇಟ್ಟಿದ್ದೇನೆ, 47ಕ್ಕಿಂತ ಕೆಳಗಿಳಿದರೆ ಸಾಲ ಕಟ್ಟುವುದು ಕಷ್ಟ, ಆಗ ಇಂಥದ್ದು ಮಾಡುತ್ತೇನೆ’ ಎಂದು ವರದಿಯಲ್ಲೇ ಬರೆಯಿರಿ. ಹೀಗೆ ಬರೆದರೆ ಸಾಲ ಹೋಗುತ್ತದೆ ಎಂದು ಹೆದರಬೇಡಿ. ತನ್ನ ಸೋಲಿನ ಅಂಕಿ ಗೊತ್ತಿರುವ ಅರ್ಜಿದಾರರು ನನ್ನ ಮುಂದೆ ಕುಳಿತದ್ದು ಬೆರಳೆಣಿಕೆ, ಅವರಲ್ಲಿ ಯಾರನ್ನೂ ಬರಿಗೈಯಲ್ಲಿ ಕಳಿಸಿದ ನೆನಪಿಲ್ಲ.

ಅದರ ಜೊತೆಗೇ ಇನ್ನೊಂದು ಸಾಲು ಸೇರಿಸಿ: ಕಂತನ್ನು ತಿಂಗಳಿಗೊಮ್ಮೆ ಬದಲು ಡಿಸೆಂಬರಿನಿಂದ ಮೇ ತನಕ ಹೆಚ್ಚಾಗಿ ಕಟ್ಟುವಂತೆ ಹೊಂದಿಸಿಕೊಡಿ, ಮೊದಲ ಆರು ತಿಂಗಳು ಕಂತಿಲ್ಲದ ರಿಯಾಯಿತಿ ಅವಧಿ ಕೊಡಿ ಎಂದು. ಆದಾಯ ಬರುವ ಕಾಲಕ್ಕೆ ಕಂತು ಹೊಂದಿಸಲು ಬ್ಯಾಂಕಿಗೆ ಅವಕಾಶವಿದೆ, ಆದರೆ ಕೇಳಬೇಕಾದ್ದು ಮಂಜೂರಾತಿಗೆ ಮೊದಲು. ಆಮೇಲೆ ಕೇಳಿದರೆ ಅದೇ ಸಾಲದ ಮರುಹೊಂದಾಣಿಕೆ ಅನ್ನಿಸಿಕೊಳ್ಳುತ್ತದೆ, ನಿಮ್ಮ ಸಿಬಿಲ್‌ಗೆ ಒಳ್ಳೆಯದಲ್ಲ.

18 ಲಕ್ಷದಲ್ಲಿ ಹೆಚ್ಚಿನದು ಸಿಎನ್‌ಸಿ ಕಟಿಂಗ್, ಬೆಂಡಿಂಗ್ ಯಂತ್ರಕ್ಕೆ ಎಂದು ಊಹಿಸುತ್ತೇನೆ. ವರ್ಷಕ್ಕೆ 60 ಯಂತ್ರಕ್ಕೆ ಅದು ಬೇಡ. ತಗಡನ್ನು ಮಂಗಳೂರಿನಲ್ಲೋ ಪುತ್ತೂರಿನಲ್ಲೋ ಲೇಸರ್ ಕಟಿಂಗ್ ಮಾಡಿಸಿ ತನ್ನಿ. ನಿಮಗೆ ದುಡ್ಡು ಬೇಕಾಗಿರುವುದು ಮಳೆಗಾಲದಲ್ಲಿ ಮಾಡಿ ಇಟ್ಟುಕೊಳ್ಳುವ ಮಾಲಿಗೆ. 35 ಯಂತ್ರ ಪೂರ್ತಿ ಮಾಡಿಟ್ಟರೆ 7.35 ಲಕ್ಷ ಕಟ್ಟಿಹಾಕಿದಂತೆ. ಚೌಕಟ್ಟು, ರೋಲರ್, ಹಾಪರ್ ಮಾತ್ರ ಮಾಡಿಟ್ಟು, ಮೋಟಾರು ಗೇರ್‌ಬಾಕ್ಸುಗಳನ್ನು 5,000 ಮುಂಗಡ ಬಂದ ಮೇಲೆ ತಂದು ಕೂರಿಸಿದರೆ? ಅವೆರಡಕ್ಕೆ 9,000 ಎಂದಿಟ್ಟರೆ ಉಳಿದದ್ದು 12,000ದಂತೆ 4.2 ಲಕ್ಷದಲ್ಲಿ ಮುಗಿಯುತ್ತದೆ. 60 ಯಂತ್ರದ ವಹಿವಾಟು 21.6 ಲಕ್ಷ, ಮೇಲೆ ಹೇಳಿದ ಸೂತ್ರದಲ್ಲಿ ಬ್ಯಾಂಕು 4.32 ಲಕ್ಷ ಕೊಡಬಹುದು, ನೀವು 1.08 ಹಾಕಿ. ಸುಳ್ಳು ಬರೆಯದೆಯೇ ಹೊಂದಿತಲ್ಲ?

ಹೀಗೆ ಉಪಕರಣಕ್ಕೆ 5 ಲಕ್ಷ, ದುಡಿಯುವ ಬಂಡವಾಳಕ್ಕೆ 5.4 ಲಕ್ಷ, ಒಟ್ಟು 10.4 ಲಕ್ಷದ ಯೋಜನೆ. ನಿಮ್ಮ ಪಾಲು ಕಳೆದರೆ ಬ್ಯಾಂಕಿನದು 9 ಲಕ್ಷದ ಆಸುಪಾಸು. ಇದರಲ್ಲಿ ಇನ್ನೊಂದು ಲಾಭವಿದೆ: ಸಣ್ಣ ಉದ್ದಿಮೆಗಳಿಗೆ ಇಷ್ಟು ಮೊತ್ತದ ಸಾಲಕ್ಕೆ ಆಸ್ತಿ ಅಡಮಾನ ಕೇಳಬಾರದು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಆ ನಿಯಮದ ಮಿತಿಗೂ ಮೇಲಿನ ಸಾಲಕ್ಕೆ, 2000ದಲ್ಲಿ ಶುರುವಾದ ಸಿಜಿಟಿಎಂಎಸ್‌ಇ ಎಂಬ ಖಾತರಿ ನಿಧಿ ಇದೆ, ಅದಕ್ಕೆ ಶುಲ್ಕ ಕಟ್ಟಬೇಕಾಗುತ್ತದೆ. ಅಪ್ಪನ ತೋಟದ ಪಹಣಿ ಕೇಳಿದ್ದು 18 ಲಕ್ಷ ಎಂದದ್ದಕ್ಕೆ ಇರಬಹುದು. ಒಂಬತ್ತಕ್ಕೆ ಇಳಿಸಿ, ಉದ್ಯಮ್ ನೋಂದಣಿ ಪತ್ರ ಇಟ್ಟು, ಅಡಮಾನವಿಲ್ಲದ ಸಾಲ ಕೊಡಿ ಎಂದು ಅರ್ಜಿಯಲ್ಲೇ ಬರೆಯಿರಿ. ಉದ್ಯಮ್ ನೋಂದಣಿ ಸಂಪೂರ್ಣ ಉಚಿತ, ಅದಕ್ಕೂ ದುಡ್ಡು ಕೇಳುವವರಿದ್ದಾರೆ. ಆದರೆ ಅದನ್ನು ಯಾರ ಹೆಸರಲ್ಲಿ ಮಾಡಿಸಬೇಕು ಎಂದು ತೀರ್ಮಾನಿಸುವ ಮೊದಲು ಮುಂದಿನ ಪ್ಯಾರಾ ಓದಿ.

ಹೆಂಡತಿಯ ಹೆಸರಿನ ವಿಷಯ. ನಿಮಗೆ ಹೇಳಿದವರು ಸ್ವಂತ ಘಟಕ ಶುರು ಮಾಡುವವರಿಗೆ ಕೇಂದ್ರ ಸರ್ಕಾರ ಸಹಾಯಧನ ಕೊಡುವ ಪಿಎಂಇಜಿಪಿ ಯೋಜನೆಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಾರೆ. ಗ್ರಾಮೀಣ ಪ್ರದೇಶದಲ್ಲಿ ಸಾಮಾನ್ಯ ವರ್ಗಕ್ಕೆ ಯೋಜನಾ ವೆಚ್ಚದ ಶೇ 25, ವಿಶೇಷ ವರ್ಗಕ್ಕೆ ಶೇ 35 ಸಹಾಯಧನ. ವಿಶೇಷ ವರ್ಗದಲ್ಲಿ ಮಹಿಳೆಯರಷ್ಟೇ ಅಲ್ಲ, ಪರಿಶಿಷ್ಟರು, ಅಲ್ಪಸಂಖ್ಯಾತರು, ಮಾಜಿ ಸೈನಿಕರು, ಅಂಗವಿಕಲರು, ಹಿಂದುಳಿದ ವರ್ಗದವರೂ ಬರುತ್ತಾರೆ. ನೀವೇ ಆ ಪಟ್ಟಿಯಲ್ಲಿದ್ದರೆ ಹೆಂಡತಿಯ ಹೆಸರು ಬೇಕಾಗಿಯೇ ಇಲ್ಲ. ಬೇಕೆಂದರೆ ವ್ಯವಹಾರವನ್ನು ಅವರು ನಿಜವಾಗಿಯೂ ನೋಡಿಕೊಳ್ಳಬೇಕು. ಸಾಲಗಾರರು ಅವರೇ, ನೋಟಿಸು ಬರುವುದೂ ಅವರ ಹೆಸರಿಗೇ. ಗಂಡ ಹೆಂಡತಿ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಸಿಗುತ್ತದೆ ಎಂಬುದೂ ನೆನಪಿರಲಿ. ತೊಡಕು ಇರುವುದು ಬೇರೆ ಕಡೆ: ಮೊದಲ ಸಲ ಈ ಯೋಜನೆ ಸಿಗುವುದು ಹೊಸ ಘಟಕಕ್ಕೆ ಮಾತ್ರ. ನಿಮ್ಮ ವೆಲ್ಡಿಂಗ್ ಶಾಪ್ ಈಗಾಗಲೇ ಇದೆ, ಯಂತ್ರವನ್ನೂ ಮಾರಿದ್ದೀರಿ. ಇದನ್ನು ಮುಚ್ಚಿಟ್ಟು ಅರ್ಜಿ ಹಾಕಬೇಡಿ. ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ, ಇದ್ದದ್ದು ಇದ್ದ ಹಾಗೆ ಹೇಳಿ, ಹೊಸ ಘಟಕವೆಂದು ಪರಿಗಣಿಸುತ್ತಾರೆಯೇ ಎಂದು ಕೇಳಿಕೊಂಡು ಬನ್ನಿ. ಈ ಯೋಜನೆಯ ಷರತ್ತುಗಳು ಆಗಾಗ ಬದಲಾಗುತ್ತವೆ, ಆ ದಿನ ಚಾಲ್ತಿಯಲ್ಲಿ ಏನಿದೆ ಎಂದೂ ಕೇಳಿ. ಆಗದಿದ್ದರೆ ಮುದ್ರಾ ಸಾಲ ಇದೆ, ಮೊದಲ ಸಲ ಪಡೆಯುವವರಿಗೆ 10 ಲಕ್ಷದವರೆಗೆ, ಸಹಾಯಧನವಿಲ್ಲ. ಸಹಾಯಧನ ಬಂದರೂ ಅದು ಕೈಗೆ ಸಿಗುವ ದುಡ್ಡಲ್ಲ, ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಇದ್ದು, ಘಟಕ ನಡೆಯುತ್ತಿದೆ ಎಂದು ಖಚಿತವಾದ ಮೇಲೆ ಸಾಲಕ್ಕೆ ಜಮೆ ಆಗುತ್ತದೆ. ಕೋಷ್ಟಕದಲ್ಲಿ ಅದನ್ನು ಆದಾಯವೆಂದು ಬರೆಯಬೇಡಿ.

ಪೇಟೆಂಟ್ ಬಗ್ಗೆ ಹೇಳುವುದು ನಿಮಗೆ ಬೇಸರ ತರಬಹುದು. ಅರ್ಜಿ ಹಾಕುವ ದಿನಕ್ಕೆ ಅದು ಹೊಸದಾಗಿರಬೇಕು ಎಂಬುದು ಪೇಟೆಂಟಿನ ಮೂಲ ಷರತ್ತು. ನೀವು 11 ಮನೆಗೆ ಮಾರಿಯಾಗಿದೆ. ಬಹಿರಂಗವಾಗಿ ಮಾರಿ ಬಳಸಿದ ಯಂತ್ರಕ್ಕೆ ಆಮೇಲೆ ಪೇಟೆಂಟ್ ಕೇಳಿದರೆ ನಿಲ್ಲುವುದು ಬಹಳ ಕಷ್ಟ. ಆ ಯಂತ್ರದ ಮಟ್ಟಿಗೆ ಆಸೆ ಬಿಡಿ. ಆದರೆ ಸ್ಪ್ರಿಂಗ್ ರೋಲರ್ ಇನ್ನೂ ಶೆಡ್ಡಿನೊಳಗಿದೆ. ಮೇಳದಲ್ಲಿ ಇಟ್ಟ ದಿನವೇ ಅದೂ ಕೈಬಿಡುತ್ತದೆ. ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚಿಸಿದ ಪ್ರದರ್ಶನಕ್ಕೆ 12 ತಿಂಗಳ ವಿನಾಯಿತಿ ಇದೆ, ಎಲ್ಲ ಮೇಳಕ್ಕೂ ಅಲ್ಲ. 2019ರಲ್ಲಿ ಬಂಟ್ವಾಳ ತಾಲ್ಲೂಕಿನ ಕೃಷಿಕರ ಅಡಿಕೆ ಮರ ಏರುವ ಬೈಕಿನ ವಿಡಿಯೊ ದೇಶವೆಲ್ಲ ಓಡಿದ್ದು ನೆನಪಿರಬೇಕು. ಅಂಥ ಪ್ರಚಾರ ಯಾರಿಗೆ ಬೇಡ? ಬರಲಿ, ಅರ್ಜಿ ಹಾಕಿದ ಮೇಲೆ ಬರಲಿ. ಕರ್ನಾಟಕದ ಅರ್ಜಿಗಳು ಚೆನ್ನೈನ ಪೇಟೆಂಟ್ ಕಚೇರಿಗೆ ಹೋಗುತ್ತವೆ. ತಾತ್ಕಾಲಿಕ ವಿವರಣೆಯೊಂದಿಗೆ ಆನ್‌ಲೈನ್ ಅರ್ಜಿ ಹಾಕಲು ವ್ಯಕ್ತಿಗಳಿಗೆ ಸರ್ಕಾರಿ ಶುಲ್ಕ 1,600 ರೂಪಾಯಿ, ಅಲ್ಲಿಂದ 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಬೇಕು. ಏಜೆಂಟರ ಫೀಸು ಇದರ ಹತ್ತು ಪಟ್ಟು ದಾಟಬಹುದು. ಆ 12 ತಿಂಗಳೇ ನಿಮಗೆ ಒಂದು ಪೂರ್ತಿ ಸೀಸನ್: ಮಾರಿ ನೋಡಿ, ದುಡ್ಡಿಗೆ ತಕ್ಕದ್ದು ಅನ್ನಿಸಿದರೆ ಮುಂದುವರಿಯಿರಿ. ಹಳ್ಳಿಯ ಅನ್ವೇಷಕರಿಗೆ ಪೇಟೆಂಟ್ ಕೆಲಸದಲ್ಲಿ ನೆರವಾಗುವ ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನ ಗುಜರಾತಿನಲ್ಲಿದೆ, ಅವರಿಗೂ ಬರೆಯಿರಿ.

ಬ್ಯಾಂಕಿಗೆ ಡ್ರಾಯಿಂಗ್ ಬೇಡವೇ ಬೇಡ. ಯಂತ್ರ ಏನು ಮಾಡುತ್ತದೆ ಎಂದು ಬರೆಯಿರಿ, ಒಳಗಿನ ರೋಲರ್ ಹೇಗೆ ಮಾಡುತ್ತದೆ ಎಂದಲ್ಲ. ಹೊರಗಿನ ಒಂದು ಫೋಟೊ ಸಾಕು. ನಿಮ್ಮನ್ನು ನಕಲು ಮಾಡುವವರು ಮ್ಯಾನೇಜರ್ ಅಲ್ಲ, ಪಕ್ಕದ ಊರಿನ ಇನ್ನೊಬ್ಬ ವೆಲ್ಡರ್. ಅವನು ಒಂದು ಯಂತ್ರ ಕೊಂಡು ಬಿಚ್ಚಿ ನೋಡುತ್ತಾನೆ. ಅವನೆದುರು ನಿಮ್ಮನ್ನು ಕಾಯುವುದು ಬೇಗ ಬಂದು ರಿಪೇರಿ ಮಾಡುವ ಹೆಸರು. ಆ ಹೆಸರನ್ನೇ ಟ್ರೇಡ್‌ಮಾರ್ಕ್ ಮಾಡಿಸಿ, ವ್ಯಕ್ತಿಗಳಿಗೆ ಆನ್‌ಲೈನ್ ಶುಲ್ಕ 4,500, ಹತ್ತು ವರ್ಷಕ್ಕೊಮ್ಮೆ ನವೀಕರಣ.

ಚಿಕ್ಕಪ್ಪನ ಮಗನ 10 ಲಕ್ಷ. ಸಾಲ 9 ಲಕ್ಷದಲ್ಲಿ ಮುಗಿಯುವುದಾದರೆ ಆ ದುಡ್ಡು ಈಗ ಬೇಕೇ? 40 ಪರ್ಸೆಂಟ್‌ಗೆ 10 ಲಕ್ಷವೆಂದರೆ ನಿಮ್ಮ ಇಡೀ ವ್ಯವಹಾರಕ್ಕೆ, ಅವರ ದುಡ್ಡೂ ಸೇರಿ, 25 ಲಕ್ಷ ಬೆಲೆ ಕಟ್ಟಿದ ಹಾಗೆ. ಇವತ್ತಿಗೆ ಅದು ಕಡಿಮೆಯೇನಲ್ಲ, ಅವರು ಉದಾರವಾಗಿಯೇ ಕೇಳಿದ್ದಾರೆ. ಕಂತಿನ ತಲೆಬಿಸಿ ಇಲ್ಲ ಎಂಬುದು ಇದರ ದೊಡ್ಡ ಗುಣ, ಆಟಿಯಲ್ಲಿ ಯಾರೂ ಬಾಗಿಲು ತಟ್ಟುವುದಿಲ್ಲ. ಅಪಾಯ ಬೇರೆ ಬಗೆಯದು. ಬರಿ ಪಾಲುದಾರಿಕೆ ಪತ್ರ ಮಾಡಿಕೊಂಡರೆ ವ್ಯವಹಾರದ ಸಾಲಕ್ಕೆ ಇಬ್ಬರ ಸ್ವಂತ ಆಸ್ತಿಯೂ ಹೊಣೆ. ನಿಮ್ಮ ಸಂಬಳವನ್ನು ಮೊದಲೇ ಬರೆದುಕೊಳ್ಳದಿದ್ದರೆ ನೀವು ಶೆಡ್ಡಿನಲ್ಲಿ ಬೆವರಿ ಗಳಿಸಿದ್ದರಲ್ಲಿ ನೂರಕ್ಕೆ ನಲವತ್ತು ಬೆಂಗಳೂರಿಗೆ ಹೋಗುತ್ತದೆ. ಅವರು ಬಿಟ್ಟುಹೋಗುತ್ತೇನೆ ಎಂದರೆ ಯಾವ ಬೆಲೆಗೆ ವಾಪಸ್ ಕೊಳ್ಳುವುದು ಎಂಬುದನ್ನೂ ಈಗಲೇ ಬರೆಯಬೇಕು. ನನ್ನ ಸಲಹೆ ಕೇಳಿದರೆ, ಮೇ ತಿಂಗಳಿಗೆ ಉಳಿಯಬೇಕಾದ ಆ ಎರಡು ಲಕ್ಷವನ್ನು ಅವರಿಂದ ಕೈಸಾಲವಾಗಿ ಕೇಳಿ, ಬ್ಯಾಂಕಿನ ಮೂಲಕವೇ ತೆಗೆದುಕೊಂಡು, ಚೀಟಿ ಬರೆದುಕೊಡಿ. ಒಂದು ಸೀಸನ್ ನೋಡಿ, ಪಾಲಿನ ಮಾತು ಆಮೇಲೆ. ಮನೆಯೊಳಗಿನ ವ್ಯವಹಾರ, ತೀರ್ಮಾನ ನಿಮ್ಮದು.

ನೀವು ಕೇಳದೇ ಇದ್ದ ಎರಡು ಸಂಗತಿಗಳೂ ವರದಿಯಲ್ಲಿರಲಿ. ಸುಳ್ಯದಿಂದ ಗಡಿ ದಾಟಿದರೆ ಕಾಸರಗೋಡು. ಸರಕಿನ ವಹಿವಾಟು 40 ಲಕ್ಷ ದಾಟುವ ತನಕ ಜಿಎಸ್‌ಟಿ ನೋಂದಣಿ ಬೇಡ ಎಂಬುದು ರಾಜ್ಯದೊಳಗಿನ ಮಾತು. ಬೇರೆ ರಾಜ್ಯಕ್ಕೆ ಒಂದು ಯಂತ್ರ ಕಳಿಸಿದರೂ ನೋಂದಣಿ ಕಡ್ಡಾಯ. ಎರಡನೆಯದು ಬೆಳೆಯದು. ನಿಮ್ಮ ತಾಲ್ಲೂಕಿನ ಹಳದಿ ಎಲೆ ರೋಗ, ಈಚಿನ ಎಲೆಚುಕ್ಕಿ ಬಗ್ಗೆ ನಾನು ನಿಮಗೆ ಹೇಳಬೇಕಿಲ್ಲ. ಇಳುವರಿ ಇಳಿದ ತೋಟದವರು ಯಂತ್ರ ಕೊಳ್ಳುವುದಿಲ್ಲ. ಹಾಗಾಗಿ ಗ್ರಾಹಕರ ಪಟ್ಟಿಯನ್ನು ಸುಳ್ಯಕ್ಕೇ ನಿಲ್ಲಿಸದೆ ಪುತ್ತೂರು, ಬಂಟ್ವಾಳ, ಬೆಳ್ತಂಗಡಿಗೂ ಚಾಚಿ. ‘ಸಬ್ಸಿಡಿ ಉಂಟಾ?’ ಎಂದು ಕೊಳ್ಳುವವರು ಕೇಳಿಯೇ ಕೇಳುತ್ತಾರೆ. ಕೃಷಿ ಯಾಂತ್ರೀಕರಣದ ಸಹಾಯಧನಕ್ಕೆ ಮಾನ್ಯತೆ ಪಡೆದ ಕೇಂದ್ರದ ಪರೀಕ್ಷಾ ವರದಿ ಬೇಕು, ಅದನ್ನು ಎರಡನೇ ವರ್ಷದ ಕೆಲಸವೆಂದು ಬರೆಯಿರಿ.

ಬರೆಯುವುದಕ್ಕೆ ಕೈ ಬಾರದಿದ್ದರೆ ಸ್ವಉದ್ಯೋಗ ತರಬೇತಿ ಕೊಡುವ ಉಜಿರೆಯ ರುಡ್‌ಸೆಟ್ ಸಂಸ್ಥೆ ನಿಮ್ಮಿಂದ ದೂರವಿಲ್ಲ. 1982ರಿಂದ ಇಂಥದ್ದನ್ನೇ ಉಚಿತವಾಗಿ ಕಲಿಸುತ್ತಿದ್ದಾರೆ. ಹತ್ತು ಪುಟ ಸಾಕು, ಕನ್ನಡದಲ್ಲೇ ಮೊದಲು ಬರೆಯಿರಿ. ಕನ್ಸಲ್ಟೆಂಟ್‌ಗೆ ಬಾಕಿ 7,000 ಕೊಡಬೇಕೇ ಎಂದು ನೀವು ಕೇಳಿಲ್ಲ, ಕೇಳುತ್ತೀರಿ ಎಂದು ಗೊತ್ತು. ಒಪ್ಪಿದ್ದು, ಕೊಟ್ಟುಬಿಡಿ. ಬದಲಿಗೆ ಆ ವರದಿಯ ಎಕ್ಸೆಲ್ ಫೈಲು ಕೇಳಿ ಪಡೆಯಿರಿ. ಬ್ಯಾಂಕಿಗೆ ಬೇಕಾದ ನಮೂನೆಯ ಕೋಷ್ಟಕಗಳು ಅದರಲ್ಲಿ ತಯಾರಾಗಿರುತ್ತವೆ. 300 ಯಂತ್ರ ಎಂದಿರುವ ಚೌಕದಲ್ಲಿ 60 ಹಾಕಿ, ಕೆಳಗಿನ ಅಂಕಿಗಳೆಲ್ಲ ಏನಾಗುತ್ತವೆ ಎಂದು ರಾತ್ರಿ ಊಟವಾದ ಮೇಲೆ ಹೆಂಡತಿಯ ಜೊತೆ ಕುಳಿತು ನೋಡಿ.